ಕೊಳಗ, ನೊಗ, ಹುಳಿಹಿಟ್ಟು

ಯೇಸುಕ್ರಿಸ್ತನು ಜನರಿಗೆ ಉಪದೇಶ ಮಾಡಿದ್ದು ಬಹುಮಟ್ಟಿಗೆ ಕಥೆಗಳ ಮೂಲಕ. ಆ ಕಥೆಗಳಲ್ಲಿ ಬರುವವರು ಹೊಲದಲ್ಲಿ ಬಿತ್ತುವ ಒಕ್ಕಲಿಗ, ಹಿಟ್ಟು ನಾದುವ ಹೆಂಗಸು, ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೊರಟ ಕುರುಬ, ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಗೃಹಿಣಿ. ಗಲಿಲಾಯ ಸೀಮೆಯ ಜನ ದಿನವೂ ಕಾಣುತ್ತಿದ್ದುದನ್ನೇ ಎತ್ತಿಕೊಂಡು ಅವನು ಕಾಣದ ಲೋಕದ ಮಾತನ್ನು ಹೇಳಿದ. ಇಂಥ ಧರ್ಮವು ಕಡಲು ದಾಟಿ ನಮ್ಮ ಕರಾವಳಿಗೆ ಬಂದಾಗ ಒಂದು ತೊಡಕು ಎದುರಾಯಿತು. ಗಲಿಲಾಯದ ಹೊಲ ಇಲ್ಲಿಲ್ಲ. ಅಲ್ಲಿಯ ಅಡಿಗೆಮನೆಯೂ ಇಲ್ಲಿಲ್ಲ. ಹಾಗಾದರೆ ಆ ಕಥೆಗಳನ್ನು ಯಾವ ಪಾತ್ರೆಯಲ್ಲಿ ತುಂಬಿ ಇಲ್ಲಿನವರಿಗೆ ಕೊಡಬೇಕು? ಸುಮಾರು ಮುನ್ನೂರು ವರ್ಷಗಳ ಕಾಲ ಹಲವರು ಈ ಪ್ರಶ್ನೆಯೊಡನೆ ಹೆಣಗಿದರು. ಅವರ ಹೆಣಗಾಟದ ಚರಿತ್ರೆಯಲ್ಲಿ ನಮ್ಮ ನುಡಿಯ ಚರಿತ್ರೆಯೂ ಒಂದಿಷ್ಟು ಸೇರಿಕೊಂಡಿದೆ.

ಮೊದಲು ಗೋವೆಯ ಮಾತು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ 1579ರಲ್ಲಿ ಅಲ್ಲಿಗೆ ಬಂದು ಸಾಸಷ್ಟಿ ಸೀಮೆಯಲ್ಲಿ ನೆಲೆಸಿದ. ಅವನು ಬರುವ ಹೊತ್ತಿಗೆ ಆ ಸೀಮೆ ನೊಂದಿತ್ತು. 1560ರ ದಶಕದಲ್ಲಿ ಪೋರ್ಚುಗೀಸರ ಆಳ್ವಿಕೆ ಅಲ್ಲಿನ ದೇವಾಲಯಗಳನ್ನು ಕೆಡವಿತ್ತು. ಹೊಸದಾಗಿ ಕ್ರೈಸ್ತರಾದವರಿಗೆ ಹಳೆಯ ಪುರಾಣಗಳ ಓದು ತಪ್ಪಿಹೋಗಿತ್ತು. ಸಂಜೆಯ ಹೊತ್ತು ಹತ್ತು ಜನ ಕೂಡಿ ಪುರಾಣ ಕೇಳುತ್ತಿದ್ದ ಮನೆಗಳಲ್ಲಿ ಆ ಜಾಗವನ್ನು ತುಂಬುವುದು ಯಾವುದೂ ಇರಲಿಲ್ಲ. ಹಳೆಯದನ್ನು ಬಿಡಿಸಿದ ಮೇಲೆ ಅದರ ಸ್ಥಳದಲ್ಲಿ ನಮಗೊಂದನ್ನು ಕೊಡಬೇಡವೇ ಎಂದು ಒಬ್ಬ ಬ್ರಾಹ್ಮಣ ಪಾದ್ರಿಯನ್ನು ಕೇಳುವ ಪ್ರಸಂಗ ಸ್ಟೀಫನ್ಸನ ಕಾವ್ಯದ ಆರಂಭದಲ್ಲಿಯೇ ಬರುತ್ತದೆ. ಆ ಕೇಳಿಕೆಗೆ ಉತ್ತರವಾಗಿ ಹುಟ್ಟಿದ್ದು 1616ರಲ್ಲಿ ಅಚ್ಚಾದ ಕ್ರಿಸ್ತಪುರಾಣ. ಮರಾಠಿ ನುಡಿ, ಕೊಂಕಣಿಯ ಬೆರಕೆ, ಸಂತಕವಿಗಳು ಪಳಗಿಸಿದ ಓವಿಯ ಛಂದಸ್ಸು, ಸುಮಾರು 11,000 ಪದ್ಯಗಳು. ನಾಗರಿ ಅಚ್ಚುಮೊಳೆಗಳು ಆಗ ಗೋವೆಯಲ್ಲಿ ಇಲ್ಲದ್ದರಿಂದ ಅದು ರೋಮನ್ ಲಿಪಿಯಲ್ಲಿ ಹೊರಬಂದಿತು. ಆದರೆ ಒಳಗಿನ ಮಾತು ಇಲ್ಲಿಯದೇ. ದೇವರಿಗೆ ಪರಮೇಶ್ವರನೆಂದೂ ಸ್ವರ್ಗಕ್ಕೆ ವೈಕುಂಠವೆಂದೂ ಹೇಳಲು ಸ್ಟೀಫನ್ಸ್ ಹಿಂಜರಿಯಲಿಲ್ಲ.

ಈ ಗ್ರಂಥಕ್ಕೂ ನಮ್ಮ ನಾಡಿಗೂ ನಂಟುಂಟು. ಬರಗಾಲ, ದಂಡಯಾತ್ರೆ, ಧರ್ಮವಿಚಾರಣೆಯ ಭಯ, ಹೀಗೆ ಒಂದಲ್ಲ ಒಂದು ಕಾರಣದಿಂದ ಗೋವೆಯ ಕ್ರೈಸ್ತರು ತಂಡತಂಡವಾಗಿ ಕನ್ನಡ ಕರಾವಳಿಗೆ ಇಳಿದು ಬಂದರು. ಕ್ರಿಸ್ತಪುರಾಣವೂ ಅವರ ಜೊತೆಗೆ ಬಂದಿತು. ಅಚ್ಚಿನ ಪ್ರತಿಗಳು ಕಾಣೆಯಾದ ಮೇಲೂ ಕೈಬರಹದ ಪ್ರತಿಗಳು ಮಂಗಳೂರಿನ ಕಡೆ ಉಳಿದುಕೊಂಡವು. 1784ರಲ್ಲಿ ಟಿಪ್ಪು ಸುಲ್ತಾನನು ಈ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರಲ್ಲಿ ಅವನು ಮಡಿದ ಬಳಿಕ ಅಳಿದುಳಿದವರು ಊರಿಗೆ ಹಿಂದಿರುಗಿದರು. ಇಷ್ಟೆಲ್ಲ ಆದರೂ ಪುರಾಣದ ಎಳೆ ಕಡಿಯಲಿಲ್ಲ. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಕೈಬರಹದ ಪ್ರತಿಗಳನ್ನು ಕೂಡಿಸಿ ಅದನ್ನು ಮಂಗಳೂರಿನಲ್ಲಿಯೇ ಮತ್ತೆ ಅಚ್ಚು ಹಾಕಿಸಿದರು. ಗೋವೆಯಲ್ಲಿ ಹುಟ್ಟಿದ ಮಗು ಮಂಗಳೂರಿನಲ್ಲಿ ಮರುಹುಟ್ಟು ಪಡೆಯಿತೆನ್ನಬೇಕು.

ಇನ್ನು ಕನ್ನಡದ ವಿಚಾರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಿಸಲು ಕುಳಿತ. 1830ರ ದಶಕದ ಆರಂಭಕ್ಕೆ ಇಡೀ ಗ್ರಂಥ ಕನ್ನಡದಲ್ಲಿ ದೊರೆಯುವಂತಾಯಿತು. ಮುಂದೆ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ತಿದ್ದುತ್ತ ಬಂದರು. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲನ್ನು ತೆರೆದರೆ ಈ ಅನುವಾದಕರು ಎಲ್ಲೆಲ್ಲಿ ಓಡಾಡಿ ಮಾತು ಆಯ್ದು ತಂದರೆಂಬುದು ಕಾಣುತ್ತದೆ. ದೀಪವನ್ನು ಹಚ್ಚಿ ಯಾರೂ ಮುಚ್ಚಿಡುವುದಿಲ್ಲವೆಂಬ ದೃಷ್ಟಾಂತವಿದೆಯಲ್ಲ, ಗ್ರೀಕ್ ಮೂಲದಲ್ಲಿ ಅಲ್ಲಿರುವುದು ರೋಮನ್ನರ ಧಾನ್ಯದ ಅಳತೆಯ ಹೆಸರು. ಕನ್ನಡದಲ್ಲಿ ಅದು ಕೊಳಗವಾಯಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಕಣದಲ್ಲಿ ರಾಶಿ ಅಳೆಯುತ್ತಿದ್ದ ರೈತನಿಗೆ ಆ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾದ್ದೇನು? ಕೊಳಗವನ್ನು ಬೋರಲು ಹಾಕಿದರೆ ಒಳಗೆ ಎಷ್ಟು ಕತ್ತಲೆಯೆಂದು ಅವನೇ ಬಲ್ಲ. ಹಿಟ್ಟನ್ನು ಉಬ್ಬಿಸುವ ವಸ್ತುವಿಗೆ ಹುಳಿಹಿಟ್ಟು ಎಂದರು. ರೊಟ್ಟಿಯ ಹಿಟ್ಟಿಗೆ ನಾವು ಹುಳಿ ಬೆರೆಸುವುದಿಲ್ಲ, ನಿಜ. ಆದರೆ ರಾತ್ರಿ ಕಲಸಿಟ್ಟ ದೋಸೆಯ ಹಿಟ್ಟು ಸದ್ದಿಲ್ಲದೆ ಬೆಳಗಾಗುವುದರೊಳಗೆ ಉಕ್ಕಿ ಬರುವುದನ್ನು ನಮ್ಮ ತಾಯಂದಿರು ಕಾಣದವರಲ್ಲ. ಇನ್ನು ನೊಗವೆಂಬುದಕ್ಕಂತೂ ವ್ಯಾಖ್ಯಾನವೇ ಬೇಡ. ನುಣುಪಾಗಿ ಕೆತ್ತಿದ ನೊಗಕ್ಕೂ ಹೆಗಲು ತರೆಯುವ ನೊಗಕ್ಕೂ ಇರುವ ಭೇದ ಎತ್ತು ಕಟ್ಟಿದವರಿಗೆಲ್ಲ ಗೊತ್ತು.

ನಾಡಿನ ಬದುಕಿನಿಂದ ಮಾತು ತರುವುದು ಒಂದು ಬಗೆ. ನಾಡಿನ ನಂಬಿಕೆಯನ್ನು ತನ್ನ ಕೆಲಸಕ್ಕೆ ಕೊಕ್ಕೆಯಾಗಿ ಬಳಸುವುದು ಇನ್ನೊಂದು ಬಗೆ. ಎರಡನೆಯದಕ್ಕೂ ನಮ್ಮಲ್ಲಿ ನಿದರ್ಶನವುಂಟು. ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನದ ಮಾತುಗಳು ಬಹಳ ಹಿಂದಿನಿಂದ ಪ್ರಚಾರದಲ್ಲಿದ್ದವು. ಹಳೆಯ ವ್ಯವಸ್ಥೆ ಅಳಿದು ಹೊಸ ಕಾಲ ಬರುವುದೆಂಬ ನಿರೀಕ್ಷೆ ಅವುಗಳಲ್ಲಿತ್ತು. 1840ರ ಸುಮಾರಿಗೆ ಇವುಗಳನ್ನು ನಂಬಿದ ಕೆಲವರು ಹುಬ್ಬಳ್ಳಿ ಸೀಮೆಯಲ್ಲಿ ಬಾಸೆಲ್ ಪಾದ್ರಿಗಳೊಡನೆ ಸಂಪರ್ಕಕ್ಕೆ ಬಂದರು. ಆ ಭವಿಷ್ಯವೇ ತಮ್ಮ ಕಡೆಗೆ ಬೆರಳು ತೋರಿಸುತ್ತಿದೆಯೆಂದು ಪಾದ್ರಿಗಳು ಹಿಗ್ಗಿದರು. ಜನ ಹಿಂಡುಹಿಂಡಾಗಿ ಸೇರುವರೆಂಬ ಭರವಸೆಯಿಂದ ಗದಗ–ಬೆಟಗೇರಿಯ ಬಳಿ ಮಲ್ಲಸಮುದ್ರದಲ್ಲಿ ನೆಲ ಹಿಡಿದು ಒಂದು ವಸಾಹತನ್ನೇ ಹೂಡಿದರು. ನೆಲ ಸಿಕ್ಕಿತು, ಜನ ಬರಲಿಲ್ಲ. ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದರು; ಆದರೆ ಅದರ ಅರ್ಥ ಇಬ್ಬರಿಗೂ ಒಂದೇ ಆಗಿರಲಿಲ್ಲ. ಇನ್ನೊಬ್ಬರ ಕಥೆಯನ್ನು ಪೂರ್ತಿ ಕೇಳುವ ಮೊದಲೇ ಅದರ ಕೊನೆಯನ್ನು ತಾವೇ ಬರೆದುಬಿಟ್ಟರೆ ಹೀಗಾಗುತ್ತದೆ.

ಆ ಮಿಷನ್ನಿನವನೇ ಆದ ಹೆರ್ಮನ್ ಮೋಗ್ಲಿಂಗ್ ಕೇಳುವುದನ್ನು ಕಲಿತ. 1836ರಲ್ಲಿ ಇಲ್ಲಿಗೆ ಬಂದ ಅವನು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯೆನಿಸಿದ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ. ಊರ ವರ್ತಮಾನದ ಜೊತೆಗೆ ಅದರಲ್ಲಿ ಗಾದೆಗಳೂ ಬಂದವು, ದಾಸರ ಪದಗಳೂ ಬಂದವು. ತನ್ನ ಧರ್ಮವನ್ನು ಸಾರಲು ಬಂದವನು ಪುರಂದರದಾಸರ ಪದಗಳನ್ನು ಏಕೆ ಹುಡುಕಬೇಕು? ಜನರ ಎದೆಗೆ ಹೋಗುವ ದಾರಿ ತಿಳಿಯಬೇಕೆಂಬ ಉದ್ದೇಶ ಅವನಿಗೆ ಇದ್ದಿತು. ಅದನ್ನು ಮುಚ್ಚಿ ಹೇಳಬೇಕಾದ್ದಿಲ್ಲ. ಆದರೆ ಆ ದಾರಿಯಲ್ಲಿ ನಡೆಯುತ್ತ ನಡೆಯುತ್ತ ದಾರಿಯೇ ಅವನಿಗೆ ಪ್ರಿಯವಾಯಿತು. ಮಾಡಿದ್ದುಣ್ಣೋ ಮಹರಾಯ ಎಂಬ ನಮ್ಮ ಗಾದೆಯ ಪಕ್ಕದಲ್ಲಿ, ಬಿತ್ತಿದ್ದನ್ನೇ ಕೊಯ್ಯಬೇಕೆಂಬ ಪೌಲನ ಬುದ್ಧಿವಾದವನ್ನು ಇಟ್ಟು ನೋಡಿ. ಒಂದು ಇನ್ನೊಂದರ ನೆರೆಮನೆಯಂತಿದೆ. ಇಂಥ ನೆರೆಹೊರೆಯನ್ನು ಕಂಡವನಿಗೆ ಇಲ್ಲಿಯ ಜನ ಬರಿಗೈಯವರೆಂದು ತೋರುವುದು ಹೇಗೆ? 1848ರಿಂದ 1853ರವರೆಗೆ, ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಹಣದ ನೆರವಿನಿಂದ, ಅವನು ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಅಚ್ಚಿಗೆ ತಂದ. ತಾಳೆಗರಿಯಲ್ಲಿದ್ದ ಗ್ರಂಥಗಳು ಪುಸ್ತಕಗಳಾದವು.

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಐರೋಪ್ಯ ರೀತಿಯ ಬಾಳನ್ನು ಬಿಟ್ಟು ಜನರೊಡನೆ ಜನರಂತೆ ಇರಬೇಕೆಂಬ ಹಂಬಲ ಅವನದು. ಅದು ಮಿಷನ್ನಿನ ಹಿರಿಯರಿಗೆ ರುಚಿಸಲಿಲ್ಲ. ತನ್ನವರ ನಡುವೆಯೇ ಅವನು ಒಂಟಿಯಾದ. 1862ರಲ್ಲಿ ಅವನು ಕಥಾಮಾಲೆಯನ್ನು ಪ್ರಕಟಿಸಿದ. ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿನ ಪದ್ಯಗಳಲ್ಲಿ ಹೇಳಿದ ಕೃತಿ ಅದು. ಗೋವೆಯಲ್ಲಿ 246 ವರ್ಷಗಳ ಹಿಂದೆ ಸ್ಟೀಫನ್ಸ್ ಮಾಡಿದ್ದನ್ನು ಕಿಟ್ಟೆಲ್ ಕನ್ನಡದಲ್ಲಿ ಮಾಡಿದನೆಂದರೆ ಸಲ್ಲುತ್ತದೆ. ಪದ್ಯ ಬರೆಯಬೇಕಾದರೆ ಛಂದಸ್ಸು ತಿಳಿಯಬೇಕು. ಛಂದಸ್ಸಿಗಾಗಿ ನಾಗವರ್ಮನನ್ನೂ ವ್ಯಾಕರಣಕ್ಕಾಗಿ ಕೇಶಿರಾಜನನ್ನೂ ಓದಬೇಕು. ಓದಿದ, ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಅಚ್ಚು ಹಾಕಿಸಿದ. ಕೊನೆಗೆ 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನಲ್ಲಿ ಹೊರಬಂದಿತು. ಅದರ ಪುಟಗಳಲ್ಲಿ ಕವಿಗಳ ಮಾತಿನ ಪಕ್ಕದಲ್ಲಿಯೇ ಹಳ್ಳಿಗರ ಗಾದೆಗೂ ಮಣೆ ಹಾಕಿದ್ದಾನೆ.

ಇದೆಲ್ಲ ವಿದ್ವಾಂಸರ ಕಥೆಯಾಯಿತು. ಆ ಮಾತನ್ನು ಕೇಳಿ ಒಪ್ಪಿಕೊಂಡವರ ಪಾಡು ಬೇರೆ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷೆ ಪಡೆದಾಗ ಊರೇ ಕಲಕಿಹೋಯಿತು. ಮನೆತನದ ನಂಟು ಹರಿಯಿತು. ಶೇಂದಿ ಇಳಿಸಿ ಬದುಕುತ್ತಿದ್ದ ಬಿಲ್ಲವರಲ್ಲಿ ಕ್ರೈಸ್ತರಾದವರಿಗೆ ಆ ಕಸುಬನ್ನು ಮಿಷನ್ನೇ ನಿಷೇಧಿಸಿತು. ಕುಲವೂ ಹೋಯಿತು, ಕೂಳಿನ ದಾರಿಯೂ ಹೋಯಿತು. ಮಂಗಳೂರಿನ ನೇಯ್ಗೆಯ ಶಾಲೆಯೂ 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆಯೂ ಬೆಳೆದದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ. ನೊಗದ ದೃಷ್ಟಾಂತವನ್ನು ಪುಸ್ತಕದಲ್ಲಿ ಓದುವುದು ಸುಲಭ. ಅದನ್ನು ಹೆಗಲ ಮೇಲೆ ಹೊತ್ತವರು ಇವರು. ನಂಬಿಕೆಯೊಂದು ಹೊಸ ನೆಲದಲ್ಲಿ ಬೇರೂರಲು ತೆತ್ತ ಬೆಲೆಯ ಲೆಕ್ಕದಲ್ಲಿ ಮೊದಲು ಬರೆಯಬೇಕಾದದ್ದು ಇವರ ಹೆಸರನ್ನೇ.

ಬೇರೂರಿದ್ದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನವೆಂದು, ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು ತೆನೆಯ ಹಬ್ಬ ಮಾಡುತ್ತಾರೆ. ಮಕ್ಕಳು ಹೂ ತಂದು ಮಾತೆಯ ಮೂರ್ತಿಗೆ ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಹರಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಎಲ್ಲರೂ ಹಂಚಿಕೊಂಡು, ಅಂದು ಶಾಕಾಹಾರದ ಊಟ ಮಾಡುತ್ತಾರೆ. ಪಕ್ಕದ ಮನೆಯ ತುಳುವರು ಹೊಸ ಅಕ್ಕಿಯ ಊಟಕ್ಕೆ ಪುದ್ದರ್ ಎನ್ನುತ್ತಾರೆ. ಎರಡು ಮನೆಗಳ ಪ್ರಾರ್ಥನೆ ಬೇರೆ. ಗದ್ದೆ ಒಂದೇ, ಮಳೆ ಒಂದೇ, ಅನ್ನದ ಮುಂದೆ ತಲೆಬಾಗುವ ಕೃತಜ್ಞತೆಯೂ ಒಂದೇ.

ಗಲಿಲಾಯದ ಉಪದೇಶಕನು ಬಿತ್ತುವವನ ಕಥೆಯಲ್ಲಿ ಬೀಜದ ವಿಚಾರಕ್ಕಿಂತ ಹೆಚ್ಚಾಗಿ ನೆಲದ ವಿಚಾರವನ್ನು ಹೇಳಿದ್ದಾನೆ. ಯಾವ ನೆಲದಲ್ಲಿ ಏನು ಬೆಳೆಯುವುದೆಂಬುದನ್ನು ಬಿತ್ತುವವನು ಬಲ್ಲವನಾಗಿರಬೇಕು. ಬಲ್ಲವನಾಗಬೇಕಾದರೆ ಅವನು ಮೊದಲು ಆ ನೆಲದ ಒಕ್ಕಲಿಗರ ಮಾತನ್ನು ಕೇಳಬೇಕು. ಮಲ್ಲಸಮುದ್ರದಲ್ಲಿ ಕೇಳುವ ತಾಳ್ಮೆ ಸಾಲದಾಯಿತು. ಕ್ರಿಸ್ತಪುರಾಣದಲ್ಲಿ, ಕೊಳಗವೆಂಬ ಆ ಒಂದು ಮಾತಿನಲ್ಲಿ, ಕಿಟ್ಟೆಲನ ನಿಘಂಟಿನಲ್ಲಿ ಆ ತಾಳ್ಮೆ ಇದ್ದಿತು. ಅದರ ಫಲವನ್ನು ಕ್ರೈಸ್ತರೂ ಉಂಡರು, ಕ್ರೈಸ್ತರಲ್ಲದ ಕನ್ನಡಿಗರೂ ಉಣ್ಣುತ್ತಿದ್ದಾರೆ.