ಭೇರುಂಡ ಗಳೆಯೂ ಗಣಕದ ಫ್ಯಾನೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಗಂಡಭೇರುಂಡ ಕಂಬವನ್ನು ನೀವು ನೋಡಿರಬಹುದು. ಅದನ್ನು 1047ರಲ್ಲಿ ನಿಲ್ಲಿಸಿದವನು ಚಾಮುಂಡರಾಯರಸ. ಭೂಮಿ ಅಳೆಯುವ ‘ಭೇರುಂಡ ಗಳೆ’ಯ ಮಾತು ಶಾಸನಗಳಲ್ಲಿ ಬರುತ್ತದೆ. ಗಳೆಯೆಂದರೆ ಬರೀ ಕೋಲು. ಎಲ್ಲರೂ ಒಪ್ಪಿದ್ದರಿಂದ ಅದಕ್ಕೆ ಬೆಲೆ.

ಸದ್ದಿಗೆ ಅಂಥ ಗಳೆ ಬಂದದ್ದು ಬಹಳ ತಡವಾಗಿ. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಗ್ರಹಾಂ ಬೆಲ್ಲನ ಹೆಸರಿನಲ್ಲಿ ಡೆಸಿಬೆಲ್ ತಂದರು. ಈಗ ಮೊಬೈಲೇ ಅದನ್ನು ತೋರಿಸುತ್ತದೆ. ಆದರೆ ಸೊರಬದ ಗಣಕದ ಫ್ಯಾನು 40, ಶಿಕಾರಿಪುರದ್ದು 46 ಎಂದು ಯಾರಾದರೂ ಹೇಳಿದರೆ ಕೂಡಲೇ ನಂಬಬೇಡಿ. ಒಬ್ಬರು ಒಂದು ಮೀಟರ್ ದೂರದಲ್ಲಿ, ಇನ್ನೊಬ್ಬರು ಅರ್ಧ ಮೀಟರಿನಲ್ಲಿ ಹಿಡಿದಿದ್ದರೆ ಆ ವ್ಯತ್ಯಾಸ ದೂರದ್ದೇ ಇರಬಹುದು! ಒಂದೇ ಮೊಬೈಲು, ಮೀಟರುದ್ದದ ದಾರ ಸಾಕು. ಮೊದಲು ಗಣಕ ಆರಿಸಿ ಕೋಣೆಯ ಸದ್ದನ್ನು ಬರೆದುಕೊಳ್ಳಿ. ಹಾಕಿದ ಮೇಲೆ ಏರಿಕೆ 3 ಡೆಸಿಬೆಲ್ ದಾಟದಿದ್ದರೆ ನೀವು ಅಳೆದದ್ದು ಹೆಚ್ಚಾಗಿ ಕೋಣೆಯನ್ನೇ.