ಯಾರ್ಕ್‌ಶೈರ್‌ನ ಕ್ಯಾಥೊಲಿಕ್ ಸನ್ಯಾಸಿ ಮಠಗಳು

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಗುಡ್ಡ-ಕಣಿವೆಗಳಲ್ಲಿ 7ನೆಯ ಶತಮಾನದಿಂದ ನೆಲೆಸಿದ ಕ್ರೈಸ್ತ ಸನ್ಯಾಸಿ ಸಮುದಾಯಗಳು. ಪ್ರಾರ್ಥನೆಗೆಂದು ಏಕಾಂತ ಅರಸಿ ಬಂದ ಇವರ ದುಡಿಮೆ ಈ ನಾಡಿನ ಬೇಸಾಯ, ಕುರಿಸಾಕಣೆಗಳ ಸ್ವರೂಪವನ್ನೇ ಬದಲಿಸಿತು. 1530ರ ದಶಕದಲ್ಲಿ ಮಠಗಳೆಲ್ಲ ಮುಚ್ಚಿದವು. 1802ರಲ್ಲಿ ಸನ್ಯಾಸಿಗಳು ಮರಳಿದರು.

ಆರಂಭ: 657ರಲ್ಲಿ ವಿಟ್ಬಿಯ ಕಡಲಂಚಿನಲ್ಲಿ ಸ್ಥಾಪನೆಯಾದ ಮಠದಲ್ಲಿ ಸ್ತ್ರೀಯರೂ ಪುರುಷರೂ ಹಿಲ್ಡಾ ಎಂಬ ಮಠಾಧ್ಯಕ್ಷೆಯ ಆಡಳಿತದಲ್ಲಿದ್ದರು. ಈಸ್ಟರ್ ದಿನದ ಲೆಕ್ಕಾಚಾರದಲ್ಲಿ ರೋಮಿನ ಪದ್ಧತಿಯನ್ನು ಒಪ್ಪಿದ 664ರ ಧರ್ಮಸಭೆ ಸೇರಿದ್ದು ಇಲ್ಲಿಯೇ. ಇಂಗ್ಲಿಷಿನ ಮೊದಲ ಕವಿಯೆಂದು ಹೆಸರಾದ ಕ್ಯಾಡ್ಮನ್ ಇದೇ ಮಠದ ದನ ಕಾಯುವವನಾಗಿದ್ದ. 9ನೆಯ ಶತಮಾನದ ಡೇನರ ದಾಳಿಗಳಲ್ಲಿ ಈ ಪರಂಪರೆ ಕಡಿದುಹೋಯಿತು.

ಸಿಸ್ಟರ್ಸಿಯನ್ನರು: 1069-70ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂನ ಸೇನೆ ಉತ್ತರದ ಹಳ್ಳಿಗಳನ್ನು ಸುಟ್ಟು ನೆಲವನ್ನು ಪಾಳುಗೆಡವಿತು. ಜನವಸತಿಯಿಂದ ದೂರವಿರಬೇಕೆಂಬ ನಿಯಮದ ಸಿಸ್ಟರ್ಸಿಯನ್ ಪಂಥಕ್ಕೆ ಇಂಥ ನೆಲ ಒಗ್ಗಿತು. 1132ರಲ್ಲಿ ಈ ಪಂಥದ ನಾಯಕ ಸಂತ ಬರ್ನಾರ್ಡ್ ಫ್ರಾನ್ಸಿನ ಕ್ಲೇರ್ವೋ ಮಠದಿಂದ ಕಳುಹಿಸಿದ ಸನ್ಯಾಸಿಗಳು ರೈ ನದಿಯ ಕಣಿವೆಯಲ್ಲಿ ರೀವೋ ಮಠ ಕಟ್ಟಿದರು. ಅದೇ ವರ್ಷ, ಯಾರ್ಕ್‌ನ ಬೆನೆಡಿಕ್ಟೈನ್ ಮಠದ ಜೀವನ ಸಡಿಲವಾಯಿತೆಂದು ಹೊರಬಂದ 13 ಸನ್ಯಾಸಿಗಳಿಂದ ಫೌಂಟನ್ಸ್ ಮಠ ಆರಂಭವಾಗಿ, ಮುಂದೆ ಸಿಸ್ಟರ್ಸಿಯನ್ ಪಂಥ ಸೇರಿತು. ಜರ್ವೋ, ಬೈಲ್ಯಾಂಡ್, ಕರ್ಕ್‌ಸ್ಟಾಲ್ ಮಠಗಳು ಬೆನ್ನಲ್ಲೇ ಬಂದವು.

ಈ ಮಠಗಳ ಬೆನ್ನೆಲುಬಾಗಿದ್ದವರು 'ಕಾನ್ವರ್ಸಿ' ಎಂಬ ಶ್ರಮಿಕ ಸಹೋದರರು. ಹೆಚ್ಚಿನವರು ಅಕ್ಷರ ಬಲ್ಲವರಲ್ಲ; ವ್ರತ ತೊಟ್ಟು ಹೊಲ, ಕುರಿಹಟ್ಟಿ, ಕುಲುಮೆಗಳಲ್ಲಿ ದುಡಿಯುತ್ತಿದ್ದರು. ಏಲ್ರೆಡ್ ರೀವೋದ ಅಧಿಪತಿಯಾಗಿದ್ದ ಕಾಲದಲ್ಲಿ (1147-67) ಅಲ್ಲಿ 140 ಸನ್ಯಾಸಿಗಳೂ 500 ಶ್ರಮಿಕರೂ ಇದ್ದರೆಂದು ಅವನ ಚರಿತ್ರೆ ಬರೆದ ವಾಲ್ಟರ್ ಡೇನಿಯಲ್ ಹೇಳುತ್ತಾನೆ. ದೂರದ ಜಮೀನುಗಳನ್ನು 'ಗ್ರೇಂಜ್' ಎಂಬ ತೋಟದಮನೆಗಳಿಂದ ನೋಡಿಕೊಳ್ಳುತ್ತಿದ್ದರು. ಇದಕ್ಕಾಗಿ ಕೆಲವೆಡೆ ಹಳ್ಳಿಗರನ್ನು ಒಕ್ಕಲೆಬ್ಬಿಸಿದ್ದೂ ಉಂಟು. ಬಡತನದ ವ್ರತ ತೊಟ್ಟವರ ಕೈಗೆ ಉಣ್ಣೆ ಅಪಾರ ಸಂಪತ್ತು ತಂದಿತು.

ಅವನತಿ: ಇಟಲಿಯ ವರ್ತಕರಿಂದ ಮುಂದಿನ ವರ್ಷಗಳ ಉಣ್ಣೆಗೆ ಮುಂಗಡ ಪಡೆಯುವ ರೂಢಿ ಬೆಳೆಯಿತು. 13ನೆಯ ಶತಮಾನದ ಕೊನೆಗೆ ಕುರಿಗಳಿಗೆ ಕಜ್ಜಿರೋಗ ತಗಲಿದಾಗ ಆ ಮುಂಗಡವೇ ಸಾಲದ ಹೊರೆಯಾಯಿತು. ಸ್ಕಾಟರ ದಾಳಿಗಳು ನಷ್ಟ ಹೆಚ್ಚಿಸಿದವು. 1348-49ರ ಪ್ಲೇಗ್ ಮಹಾಮಾರಿಯ ಬಳಿಕ ಶ್ರಮಿಕ ಸಹೋದರರ ವರ್ಗ ಕರಗಿ, ಹೊಲಗಳು ಗೇಣಿಗೆ ಹೋದವು.

ವಿಸರ್ಜನೆ: 1536ರಲ್ಲಿ ಎಂಟನೆಯ ಹೆನ್ರಿ ಸಣ್ಣ ಮಠಗಳನ್ನು ಮುಚ್ಚಿಸಿದ. ಅದೇ ವರ್ಷ ರಾಬರ್ಟ್ ಆಸ್ಕ್‌ನ ನೇತೃತ್ವದಲ್ಲಿ ಯಾರ್ಕ್‌ಶೈರ್ ಜನ ಬಂಡೆದ್ದರು. ಮಠಗಳ ರಕ್ಷಣೆ ಅವರ ಮುಖ್ಯ ಬೇಡಿಕೆಗಳಲ್ಲೊಂದು. ದಂಗೆ ಅಡಗಿದ ಮೇಲೆ 1537ರಲ್ಲಿ ಆಸ್ಕ್ ಮತ್ತು ಜರ್ವೋದ ಅಧಿಪತಿ ಆಡಂ ಸೆಡ್ಬರ್ ಇಬ್ಬರಿಗೂ ಮರಣದಂಡನೆಯಾಯಿತು. 1538ರಲ್ಲಿ ರೀವೋ, 1539ರಲ್ಲಿ ಫೌಂಟನ್ಸ್ ಮುಚ್ಚಿದವು. ಚಾವಣಿಯ ಸೀಸವನ್ನು ಕಿತ್ತು ಕರಗಿಸಿದ್ದರಿಂದ ಗೋಡೆಗಳು ಮಳೆಗಾಳಿಗೆ ಬಿದ್ದವು.

ಮರಳಿಕೆ: ಸ್ವದೇಶದಲ್ಲಿ ಮಠಗಳಿಲ್ಲದೆ 1608ರಲ್ಲಿ ಈಗಿನ ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ ಆಶ್ರಯ ಕಂಡಿದ್ದ ಇಂಗ್ಲಿಷ್ ಬೆನೆಡಿಕ್ಟೈನರು ಫ್ರೆಂಚ್ ಕ್ರಾಂತಿಯಲ್ಲಿ ನೆಲೆ ಕಳೆದುಕೊಂಡು, 1802ರಲ್ಲಿ ಯಾರ್ಕ್‌ಶೈರ್‌ನ ಆಂಪಲ್‌ಫರ್ತ್‌ಗೆ ಬಂದರು. 2009ರಲ್ಲಿ ಸ್ಟ್ಯಾನ್‌ಬ್ರೂಕ್‌ನ ಬೆನೆಡಿಕ್ಟೈನ್ ಸನ್ಯಾಸಿನಿಯರು ವೂಸ್ಟರ್‌ಶೈರ್ ಬಿಟ್ಟು, ಬೈಲ್ಯಾಂಡ್‌ನ ಅವಶೇಷಗಳಿಗೆ ಸಮೀಪದ ವಾಸ್ ಗ್ರಾಮದಲ್ಲಿ ನೆಲೆಸಿದರು. ಫೌಂಟನ್ಸ್‌ನ ಅವಶೇಷಗಳು 1986ರಿಂದ ವಿಶ್ವಪರಂಪರೆಯ ತಾಣ. ಅಲ್ಲಿನ ಪಶ್ಚಿಮ ಭಾಗದ ಉದ್ದನೆಯ ಕಮಾನು ಕಟ್ಟಡ, ಶ್ರಮಿಕ ಸಹೋದರರು ಉಂಡು ಮಲಗುತ್ತಿದ್ದ ಮನೆ, ಇಂದಿಗೂ ನಿಂತಿದೆ.