ದಾಖಲೆಗೆ ಬಾರದ ಸಾವುಗಳು

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದೇ ದಿನಗಳಲ್ಲಿ ನಿಜಾಮರ ಸೇನೆ ಸೋಲೊಪ್ಪಿಕೊಂಡಿತು. ಪಠ್ಯಪುಸ್ತಕಗಳಲ್ಲಿ ‘ಪೊಲೀಸ್ ಕಾರ್ಯಾಚರಣೆ’ ಇಲ್ಲಿಗೆ ಮುಗಿಯುತ್ತದೆ. ಆದರೆ ಬೀದರ್, ಗುಲ್ಬರ್ಗ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಇನ್ನೊಂದು ಕಥೆ ಆಗಷ್ಟೇ ಶುರುವಾಗಿತ್ತು.

ಅದಕ್ಕೂ ಮುಂಚಿನದನ್ನು ಮುಚ್ಚಿಟ್ಟು ಇದನ್ನು ಹೇಳುವುದು ನ್ಯಾಯವಲ್ಲ. ಖಾಸಿಂ ರಜ್ವಿಯ ರಜಾಕಾರರು ಕೊಂದರು, ಸುಟ್ಟರು, ದೋಚಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಜನ ಇಂದಿಗೂ ಮರೆತಿಲ್ಲ. ಸಂಸ್ಥಾನ ಭಾರತದೊಂದಿಗೆ ಸೇರಬೇಕೆಂದು ಬರೆದ ತಪ್ಪಿಗೆ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅದೇ ವರ್ಷದ ಆಗಸ್ಟ್‌ನಲ್ಲಿ ಕೊಲೆಯಾದರು. ಅವರೂ ಮುಸ್ಲಿಮರೇ. ಆದರೆ ರಜಾಕಾರರ ಅಪರಾಧಗಳಿಗೆ ಒಂದು ಹೆಸರು ಸಿಕ್ಕಿತು. ರಜ್ವಿಯ ವಿಚಾರಣೆ ನಡೆದು ಶಿಕ್ಷೆಯಾಯಿತು. 1957ರಲ್ಲಿ ಬಿಡುಗಡೆಯಾಗಿ ಅವನು ಪಾಕಿಸ್ತಾನಕ್ಕೆ ಹೋದ. ರಜಾಕಾರರ ಸೇಡನ್ನು ತೀರಿಸಿದ್ದು ಮಾತ್ರ ಅವರಿಗೂ ತಮಗೂ ಸಂಬಂಧವೇ ಇರದ ಕೂಲಿಕಾರರು, ನೇಕಾರರು, ಸಣ್ಣ ವ್ಯಾಪಾರಿಗಳು, ಅವರ ಹೆಂಡತಿ ಮಕ್ಕಳು.

ಈ ಸುದ್ದಿ ದೆಹಲಿ ತಲುಪಿದಾಗ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡವನ್ನು ಸರಕಾರ ಕಳಿಸಿತು. ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಾಡಿದರು. ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿದರು. ಮೇಲೆ ಹೇಳಿದ ನಾಲ್ಕು ಜಿಲ್ಲೆಗಳಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಲಾತೂರಿನಲ್ಲಿ ಕೊಲೆಗಳು ಇಪ್ಪತ್ತು ದಿನಗಳಿಗೂ ಹೆಚ್ಚು ಕಾಲ ನಡೆದವೆಂದು ವರದಿ ಹೇಳುತ್ತದೆ. ರಜಾಕಾರರ ಕೃತ್ಯಗಳನ್ನು ಸಾಕಷ್ಟು ಹೇಳಿಲ್ಲವೆಂದು ಗೃಹಮಂತ್ರಿ ಪಟೇಲರು ಆಕ್ಷೇಪಿಸಿದರು. ಸರಕಾರ ವರದಿಯನ್ನು ಪ್ರಕಟಿಸಲಿಲ್ಲ. ವಿದ್ವಾಂಸರು ಅದರ ಭಾಗಗಳನ್ನು ಆಗಾಗ ಅಚ್ಚು ಹಾಕಿಸಿದರಾದರೂ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತದೆಂಬ ಸುದ್ದಿ ಹರಡಿದ್ದು 2013ರಲ್ಲಿ.

ಜನ ಯಾಕೆ ದೂರು ಕೊಡಲಿಲ್ಲ? ಯಾರಿಗೆ ಕೊಡಬೇಕಿತ್ತು? ಹಳೆಯ ಆಡಳಿತ ಕುಸಿದಿತ್ತು. ಹೊಸದರ ಕಣ್ಣಿಗೆ ಮುಸ್ಲಿಮನೆಂದರೆ ರಜಾಕಾರನಿರಬಹುದೆಂಬ ಗುಮಾನಿ. ಠಾಣೆಯ ಮೆಟ್ಟಿಲು ಹತ್ತಿದವನು ಅಲ್ಲೇ ಉಳಿದುಬಿಡುವ ಭಯವಿತ್ತು. ಹೆಣ್ಣುಮಕ್ಕಳ ಅಪಹರಣವನ್ನಂತೂ ಹೇಳಿಕೊಂಡರೆ ಮನೆಯ ಮಾನ ಹೋಗುತ್ತದೆಂದು ಮನೆಯವರೇ ಬಾಯಿ ಮುಚ್ಚಿಕೊಂಡರು. ನಮ್ಮವರ ಈ ಮೌನವನ್ನು ಸಬರ್ ಎಂದು ಕರೆದು ಸಮಾಧಾನ ಪಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಆ ಹುಡುಗಿಯರನ್ನು ಎರಡನೇ ಸಲ ಕಳೆದುಕೊಂಡದ್ದು ನಾವೇ.

ದೂರಿಲ್ಲದಿದ್ದರೆ ಆರೋಪಿ ಇಲ್ಲ. ಆರೋಪಿ ಇಲ್ಲದಿದ್ದರೆ ಕೊಂದವನೂ ಸತ್ತವನ ಮಗನೂ ಅದೇ ಊರಿನ ಅದೇ ಬಾವಿಯಲ್ಲಿ ನೀರು ಸೇದಬೇಕು. ಸಾವು ಯಾವ ಪುಸ್ತಕದಲ್ಲೂ ಇಲ್ಲದ ಮೇಲೆ ವಿಧವೆ ಏನು ತೋರಿಸಿ ಗಂಡನ ಹೊಲ ಕೇಳಬೇಕು? ಅವಳಿಗೆ ಇದ್ದತ್ ಯಾವ ದಿನದಿಂದ ಎಂಬುದೂ ಪ್ರಶ್ನೆಯೇ. ಹಳ್ಳಿ ಬಿಟ್ಟು ಹೈದರಾಬಾದಿನ ಗಲ್ಲಿ ಸೇರಿದವರ ಮನೆಗಳಿಗೆ ಬೇರೆಯವರು ಬಂದು ಕೂತರು. ಕಾಲ ಕಳೆದಂತೆ ಸ್ವಾಧೀನವೇ ಹಕ್ಕಾಗುತ್ತದೆ.

ಇನ್ನೊಂದು ಕೆಡುಕು ನಿಧಾನವಾಗಿ ಬಂತು. ಲೆಕ್ಕವಿಲ್ಲದ ಕಡೆ ಬಾಯಿಗೆ ಬಂದದ್ದೇ ಲೆಕ್ಕ. ಏನೂ ನಡೆಯಲೇ ಇಲ್ಲ ಎನ್ನುವವರು ಒಂದು ಕಡೆ, ಸತ್ತವರು ಎರಡು ಲಕ್ಷ ಎನ್ನುವವರು ಇನ್ನೊಂದು ಕಡೆ. ಇಬ್ಬರನ್ನೂ ತಡೆದು ನಿಲ್ಲಿಸುವ ಕಾಗದ ಅರವತ್ತೈದು ವರ್ಷ ಕಪಾಟಿನಲ್ಲಿತ್ತು. ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏರುವಾಗ ಕೆಲವು ಮನೆಗಳಲ್ಲಿ ಬೇರೆಯೇ ನೆನಪು ಏಳುತ್ತದೆ. ಅದನ್ನು ಗಟ್ಟಿಯಾಗಿ ಹೇಳಿದರೆ ದೇಶದ್ರೋಹವಾದೀತೆಂಬ ಅಳುಕು ಮೊಮ್ಮಕ್ಕಳಿಗೂ ಬಂದಿದೆ.

ಮುಚ್ಚಿಟ್ಟಾಗ ಕೆಟ್ಟದ್ದರ ಜೊತೆಗೆ ಒಳ್ಳೆಯದೂ ಹೂತುಹೋಯಿತು. ಅದೇ ವರದಿಯಲ್ಲಿ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ವಿವರಗಳಿವೆ. ಒಂದೇ ಕಸುಬಿನವರ ನಡುವೆ ಈ ಅಕ್ಕರೆ ಹೆಚ್ಚಿತ್ತಂತೆ. ಮುಸ್ಲಿಮ್ ನೇಕಾರರಿಗೆ ಅಡ್ಡನಿಂತ ಹಿಂದೂ ನೇಕಾರರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅಪಹರಣವಾದ ಹೆಂಗಸರನ್ನು ಹುಡುಕಿ ತರಲು ನೆರವಾದವರಲ್ಲೂ ಬಹಳಷ್ಟು ಹಿಂದೂಗಳಿದ್ದರು. ಆ ನೇಕಾರರ ಮೊಮ್ಮಕ್ಕಳಿಗೆ ತಮ್ಮ ಅಜ್ಜ ಯಾಕೆ ಸತ್ತನೆಂಬುದು ಗೊತ್ತಿದೆಯೋ ಇಲ್ಲವೋ.